ಗಾಲ್ಫ್ ಆಡುವ ಮಕ್ಕಳಿಗೆ ದಿನದ ಶಾಲೆ ಬೇಕೇ?

ಪ್ರಶ್ನೆ ಇಷ್ಟು: ಗಾಲ್ಫ್‌ನಲ್ಲಿ ನಿಜಕ್ಕೂ ಕೈ ಪಳಗಿರುವ ಹುಡುಗ ಅಥವಾ ಹುಡುಗಿ ಒಂಬತ್ತನೇ ಕ್ಲಾಸಿನ ಹೊತ್ತಿಗೆ ದಿನದ ಶಾಲೆ ಬಿಡುವುದು ಸರಿಯೇ? ದಿನಾ ಕ್ಲಾಸಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ ಓಪನ್ ಸ್ಕೂಲ್‌ನಲ್ಲಿ ಹೆಸರು ಬರೆಸಿ, ಟೂರ್ನಿಗಳಿಗೆಂದು ಊರೂರು ಸುತ್ತುವುದು ಸರಿಯೇ?

ಪರ: ಬೆಳಕಿದ್ದಾಗಲೇ ಆಡಬೇಕಾದ ಆಟ ಇದು

18 ಹೋಲ್, ಅಂದರೆ 18 ಗುಂಡಿಗಳ ಪೂರ್ತಿ ಒಂದು ರೌಂಡ್, ಆಡಿ ಮುಗಿಸಲು ನಾಲ್ಕರಿಂದ ಐದು ಗಂಟೆ ಬೇಕು. ಅದೂ ಹಗಲಿನಲ್ಲಿ. ಬ್ಯಾಡ್ಮಿಂಟನ್ ಆಡುವ ಮಗು ರಾತ್ರಿ ಏಳಕ್ಕೂ ಲೈಟ್ ಹಾಕಿಸಿಕೊಂಡು ಆಡುತ್ತದೆ. ಈಜುವ ಮಗು ಬೆಳಗ್ಗೆ ಐದಕ್ಕೆ ನೀರಿಗಿಳಿದು, ಎಂಟಕ್ಕೆ ಶಾಲೆಯಲ್ಲಿರುತ್ತದೆ. ಗಾಲ್ಫ್‌ನಲ್ಲಿ ಹಾಗಾಗುವುದಿಲ್ಲ. ಬೆಂಗಳೂರಿನಲ್ಲಿ ಮೂರೂವರೆಗೆ ಶಾಲೆ ಬಿಟ್ಟರೆ, ಟ್ರಾಫಿಕ್ ದಾಟಿ ಕೋರ್ಸ್ (ಗಾಲ್ಫ್ ಮೈದಾನ) ಮುಟ್ಟುವಷ್ಟರಲ್ಲಿ ಐದು ಗಂಟೆ. ಹೊಡೆತ ಅಭ್ಯಾಸ ಮಾಡುವ ಜಾಗವಾದ ರೇಂಜ್‌ನಲ್ಲಿ ಒಂದು ಬಕೆಟ್ ಚೆಂಡು ಹೊಡೆಯುವಷ್ಟರಲ್ಲಿ ಕತ್ತಲಾಗುತ್ತದೆ. ಶನಿವಾರ, ಭಾನುವಾರ ಇದೆಯಲ್ಲ ಅಂತ ಕೇಳಬಹುದು. ಆ ಎರಡು ದಿನ ಬೆಳಗಿನ ಹೊತ್ತು ಸಾಮಾನ್ಯವಾಗಿ ಗಾಲ್ಫ್ ಸಂಸ್ಥೆಯ ವಯಸ್ಕ ಸದಸ್ಯರ ಪಾಲು. ಮಕ್ಕಳಿಗೆ ಕೋರ್ಸ್ ಆರಾಮಾಗಿ ಸಿಗುವುದು ವಾರದ ದಿನಗಳಲ್ಲಿ, ಅದೂ ಶಾಲೆ ನಡೆಯುವ ಹೊತ್ತಿನಲ್ಲಿ.

ರೇಂಜ್‌ನಲ್ಲಿ ಹೊಡೆಯುವುದಕ್ಕೂ ಕೋರ್ಸ್‌ನಲ್ಲಿ ಆಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಇಳಿಜಾರಿನಲ್ಲಿ ನಿಂತು ಹೊಡೆಯುವುದು, ಮರಳಿನಿಂದ ಎತ್ತುವುದು, ಗಾಳಿ ಎದುರಿದ್ದಾಗ ಯಾವ ಕ್ಲಬ್ (ಹೊಡೆಯುವ ಕೋಲು) ಹಿಡಿಯಬೇಕು ಅಂತ ತೀರ್ಮಾನಿಸುವುದು, ಇವೆಲ್ಲ ಆಡಿಯೇ ಬರಬೇಕು. ಪ್ರಯಾಣದ ಮಾತೂ ಹೀಗೆಯೇ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಚೆಂಡು ಹೆಚ್ಚು ದೂರ ಹೋಗುತ್ತದೆ. ಇಲ್ಲಿ ಏಳನೇ ಐರನ್‌ನಲ್ಲಿ (ಒಂದು ಬಗೆಯ ಕ್ಲಬ್) ಹೋಗುವ ದೂರ ಚೆನ್ನೈಯಲ್ಲಿ ಹೋಗುವುದಿಲ್ಲ. ಊಟಿಯ ಏರಿಳಿತ ಬೇರೆ, ಕೋಲ್ಕತ್ತದ ಸಪಾಟು ನೆಲ ಬೇರೆ. ಹುಲ್ಲು ಬೇರೆ, ಗ್ರೀನ್‌ಗಳ, ಅಂದರೆ ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ, ವೇಗ ಬೇರೆ. ಒಂದೇ ಕೋರ್ಸ್‌ನಲ್ಲಿ ಬೆಳೆದ ಮಗು ಆ ಕೋರ್ಸನ್ನು ಬಾಯಿಪಾಠ ಮಾಡಿರುತ್ತದೆ, ಅಷ್ಟೇ.

ಈಗ ಶಾಲೆಯ ಲೆಕ್ಕ ನೋಡಿ. ಮೂರು ದಿನದ ಜೂನಿಯರ್ ಟೂರ್ನಿ ಅಂದರೆ ಪ್ರಾಕ್ಟೀಸ್ ರೌಂಡ್‌ಗೆ ಒಂದು ದಿನ, ಹೋಗಿಬರಲು ಎರಡು ದಿನ. ವಾರವೇ ಹೋಯಿತು. ವರ್ಷದಲ್ಲಿ ಹತ್ತು ಟೂರ್ನಿ ಆಡಿದರೆ 75 ಪರ್ಸೆಂಟ್ ಹಾಜರಾತಿ ಕಷ್ಟ. ಕ್ರೀಡೆಗೆ ರಿಯಾಯಿತಿ ಇದೆ ನಿಜ. ಆದರೆ ಪ್ರತಿ ಸಲವೂ ಅರ್ಜಿ ಹಿಡಿದು ಪ್ರಿನ್ಸಿಪಾಲರ ಕೋಣೆಯ ಹೊರಗೆ ಕಾಯುವ ಅಪ್ಪ ಅಮ್ಮಂದಿರಿಗೆ ಗೊತ್ತು ಅದೆಷ್ಟು ಸುಲಭ ಅಂತ. ರಾಷ್ಟ್ರೀಯ ಓಪನ್ ಸ್ಕೂಲ್ ಆದ ಎನ್‌ಐಓಎಸ್‌ನಲ್ಲಿ 14 ವರ್ಷ ತುಂಬಿದವರು ಹತ್ತನೇ ಕ್ಲಾಸಿಗೆ ಸೇರಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಇರುತ್ತದೆ. ಎಲ್ಲ ವಿಷಯವನ್ನೂ ಒಟ್ಟಿಗೆ ಬರೆಯಲೇಬೇಕು ಅಂತಿಲ್ಲ. ಒಮ್ಮೆ ಸೇರಿದರೆ ಐದು ವರ್ಷ ಸಮಯ ಇರುತ್ತದೆ. ಓದು ನಿಲ್ಲುವುದಿಲ್ಲ, ಟೈಮ್‌ಟೇಬಲ್ ಮಾತ್ರ ಮಗುವಿನ ಕೈಗೆ ಬರುತ್ತದೆ.

ದುಡ್ಡಿನ ದಾರಿಯೂ ಸ್ವಲ್ಪ ತೆರೆದಿದೆ. ಮೊದಲು ಅಮೆಚೂರ್ (ವೃತ್ತಿಪರರಲ್ಲದ) ಆಟಗಾರರು ಪ್ರಾಯೋಜಕರ ದುಡ್ಡು ಪಡೆಯಲು ತುಂಬಾ ಕಟ್ಟುಪಾಡು ಇತ್ತು. 2022ರ ಜನವರಿಯಿಂದ ಆ ನಿಯಮ ಸಡಿಲವಾಯಿತು. ಈಗ ಕಂಪನಿಯೊಂದು ಮಗುವಿನ ಪ್ರಯಾಣಕ್ಕೆ, ಕಿಟ್‌ಗೆ ದುಡ್ಡು ಕೊಟ್ಟರೆ ಅಮೆಚೂರ್ ಸ್ಥಾನಕ್ಕೆ ಧಕ್ಕೆ ಇಲ್ಲ. ದೊಡ್ಡ ಖಾಸಗಿ ಶಾಲೆಯ ಫೀಸ್ ಉಳಿದರೆ ಅದೂ ಕೋಚಿಂಗ್‌ಗೆ ಆಗುತ್ತದೆ.

ಬಿಡದಿ ಬಳಿಯ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಅವರನ್ನು ನೆನೆಯಿರಿ. ಮನೆ ಹತ್ತಿರದ ಈಗಲ್‌ಟನ್ ಕೋರ್ಸ್‌ನಲ್ಲಿ, ಕೋಚ್ ವಿಜಯ್ ದಿವೇಚಾ ಅವರ ಗರಡಿಯಲ್ಲಿ ಬೆಳೆದು ವೃತ್ತಿಪರ ಆಟಗಾರರಾದರು, ಟೂರ್ನಿಗಳನ್ನು ಗೆದ್ದರು. ಇಂಥವರನ್ನು ರೂಪಿಸಿದ್ದು ಹುಲ್ಲಿನ ಮೇಲೆ ಕಳೆದ ಹೊತ್ತು. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಆ ಹೊತ್ತು ಸಿಗದಿದ್ದರೆ ಮುಂದೆ ಕೊಂಡು ತರಲು ಆಗುವುದಿಲ್ಲ.

ವಿರೋಧ: ಶಾಲೆ ಬಿಟ್ಟರೆ ಖರ್ಚು ಇಳಿಯುವುದಿಲ್ಲ, ಏರುತ್ತದೆ

ಬೆಳಕಿನ ಮಾತು ನಿಜ, ಒಪ್ಪುತ್ತೇನೆ. ಫೀಸ್ ಉಳಿಯುತ್ತದೆ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ.

ಒಂದು ಹೊರಗಿನ ಟೂರ್ನಿಗೆ ಏನೇನು ಬೇಕು ಅಂತ ಬರೆದು ನೋಡಿ. ಎಂಟ್ರಿ ಫೀಸ್. ಪ್ರಾಕ್ಟೀಸ್ ರೌಂಡ್‌ನ ಫೀಸ್. ಬ್ಯಾಗ್ ಹೊರುವ ಕ್ಯಾಡಿಯ ದುಡ್ಡು. ಐದು ರಾತ್ರಿ ಹೋಟೆಲ್. ಊಟ. ಕೋರ್ಸ್‌ಗೆ ಹೋಗಿಬರಲು ಟ್ಯಾಕ್ಸಿ, ಏಕೆಂದರೆ ಆ ದೊಡ್ಡ ಬ್ಯಾಗ್ ಹೊತ್ತುಕೊಂಡು ಸಿಟಿ ಬಸ್ ಹತ್ತಲು ಆಗುವುದಿಲ್ಲ. ವಿಮಾನವಾದರೆ ಆ ಬ್ಯಾಗಿನ ತೂಕಕ್ಕೆ ಬೇರೆ ದುಡ್ಡು. ಒಳ್ಳೆಯ ಚೆಂಡು ಒಂದಕ್ಕೇ ನಾಲ್ಕೈದು ನೂರು ರೂಪಾಯಿ, ಒಂದು ನೀರಿನ ಹೋಲ್‌ನಲ್ಲಿ ಎರಡು ಹೋದರೂ ಹೋಯಿತು. ಹದಿನಾಲ್ಕರ ಮಗು ಒಂಟಿಯಾಗಿ ಹೋಗುವುದಿಲ್ಲ, ಹಾಗಾಗಿ ಟಿಕೆಟ್ ಎರಡು. ಜೊತೆಗೆ ಹೋಗುವವರ ರಜೆ ಮುಗಿದ ಮೇಲೆ ಸಂಬಳ ಕಟ್. ಅದೂ ಮುಗಿದ ಮೇಲೆ ಹೆಚ್ಚಾಗಿ ಕೆಲಸ ಬಿಡುವುದು ಅಮ್ಮ. ಈ ಕೊನೆಯ ಖರ್ಚನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ. ನನಗೆ ಬೇಸರ ತರುವುದು ಅದೇ.

ಶಾಲೆ ಇದ್ದಾಗ ಕ್ಯಾಲೆಂಡರಿಗೆ ಒಂದು ಬೇಲಿ ಇರುತ್ತದೆ. ಪರೀಕ್ಷೆ ಇದೆ, ಈ ಟೂರ್ನಿ ಬೇಡ ಅನ್ನಬಹುದು. ಬೇಲಿ ಕಿತ್ತರೆ ಬೇಡ ಅನ್ನಲು ಕಾರಣವೇ ಇರುವುದಿಲ್ಲ. ಇಷ್ಟೆಲ್ಲ ಬಿಟ್ಟು ಬಂದಿದ್ದೇವೆ, ಇದನ್ನೂ ಆಡಿಸಿಬಿಡೋಣ ಅನ್ನಿಸುತ್ತದೆ. ಚಿನ್ನ ಅಡ ಇಡುವುದು ಈ ಹಂತದಲ್ಲೇ. ತಂಗಿಯ ಡ್ಯಾನ್ಸ್ ಕ್ಲಾಸ್ ನಿಲ್ಲುವುದೂ ಇಲ್ಲೇ.

ಪ್ರಾಯೋಜಕರ ವಿಷಯಕ್ಕೆ ಬಂದರೆ, ನಿಯಮ ಸಡಿಲವಾಗಿದೆ ಸರಿ. ಆದರೆ ದುಡ್ಡು ಕೊಡುವವರು ಕೊಡುವುದು ಮೇಲಿನ ನಾಲ್ಕೈದು ಮಕ್ಕಳಿಗೆ. ಹದಿನೈದನೇ ಸ್ಥಾನದಲ್ಲಿರುವ ಮಗುವೂ ಪ್ರತಿಭಾವಂತವೇ, ಅಲ್ವಾ? ಅದರ ಮನೆಯವರು ಹೊಟ್ಟೆಬಟ್ಟೆ ಕಟ್ಟಿಯೇ ನಡೆಸಬೇಕು. ವೃತ್ತಿಪರರಾದ ಮೇಲೂ ಸಾಮಾನ್ಯವಾಗಿ ಎರಡು ಸುತ್ತಿನ ನಂತರ ಕಟ್ (ಮುಂದಿನ ಸುತ್ತಿಗೆ ಹೋಗಲು ಬೇಕಾದ ಸ್ಕೋರ್) ದಾಟದವರಿಗೆ ಬಹುಮಾನದ ಹಣ ಇರುವುದಿಲ್ಲ. ಹೋಟೆಲ್ ಬಿಲ್ ಮಾತ್ರ ಇದ್ದೇ ಇರುತ್ತದೆ.

ಇನ್ನು ಅದಿತಿ ಅಶೋಕ್. ಬೆಂಗಳೂರಿನ ಈ ಹುಡುಗಿ ಓದಿದ್ದು ಫ್ರಾಂಕ್ ಆಂಥೊನಿ ಪಬ್ಲಿಕ್ ಶಾಲೆಯಲ್ಲಿ. 2015ರ ಡಿಸೆಂಬರ್‌ನಲ್ಲಿ, 17ನೇ ವಯಸ್ಸಿಗೆ, ಯುರೋಪಿನ ಮಹಿಳಾ ಟೂರ್‌ನ ಅರ್ಹತಾ ಸ್ಪರ್ಧೆಯನ್ನು ಮೊರಾಕ್ಕೋದಲ್ಲಿ ಗೆದ್ದರು. ಹೊಸ ವರ್ಷಕ್ಕೆ ವೃತ್ತಿಪರರಾದರು. ಅದೇ 2016ರಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿದರು, ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ಆಡಿದರು, ನವೆಂಬರ್‌ನಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದರು. ರಿಯೊದಲ್ಲಿ ಕ್ಯಾಡಿಯಾಗಿ ಬ್ಯಾಗ್ ಹೊತ್ತಿದ್ದು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಅಮ್ಮ. ಅಲ್ಲಿ ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಎಲ್ಲ ಮಕ್ಕಳೂ ಅದಿತಿ ಆಗಲಾರರು, ಗೊತ್ತು. ಆದರೆ ಹನ್ನೆರಡನೇ ಕ್ಲಾಸ್ ಅವರನ್ನು ತಡೆದು ನಿಲ್ಲಿಸಲಿಲ್ಲ.

ಅಮೆರಿಕದ ಮಿಶೆಲ್ ವೀ ಇನ್ನೊಂದು ಉದಾಹರಣೆ. 2005ರಲ್ಲಿ, 16 ತುಂಬುವ ಮೊದಲೇ ದೊಡ್ಡ ಕಂಪನಿಗಳ ಒಪ್ಪಂದದೊಂದಿಗೆ ವೃತ್ತಿಪರರಾದವರು. ಅವರಿಗೆ ದುಡ್ಡಿನ ಕೊರತೆ ಇರಲಿಲ್ಲ. ಆದರೂ 2007ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸೇರಿ, 2012ರಲ್ಲಿ ಪದವಿ ಪಡೆದರು. ಅವರ ಒಂದೇ ಒಂದು ಮೇಜರ್ (ಅತಿ ದೊಡ್ಡ ಟೂರ್ನಿ) ಗೆಲುವು, ಅಮೆರಿಕದ ಮಹಿಳಾ ಓಪನ್, ಬಂದದ್ದು 2014ರಲ್ಲಿ.

ಅಮೆರಿಕದ ಕಾಲೇಜುಗಳ ಮಾತು ಇಲ್ಲಿ ಮುಖ್ಯ. ನಮ್ಮ ಮಧ್ಯಮ ವರ್ಗದ ಮಗುವಿಗೆ ಗಾಲ್ಫ್‌ನಿಂದ ಸಿಗಬಹುದಾದ ಅತಿ ದೊಡ್ಡ ಲಾಭ ಅಲ್ಲಿನ ಸ್ಕಾಲರ್‌ಶಿಪ್. ಅಲ್ಲಿನ ಕಾಲೇಜು ಕ್ರೀಡೆಯ ಮೊದಲ ಹಂತದ ತಂಡಕ್ಕೆ ಸೇರಬೇಕಾದರೆ ಹೈಸ್ಕೂಲ್‌ನ 16 ಮುಖ್ಯ ಪಠ್ಯ ಕೋರ್ಸ್‌ಗಳು ಆಗಿರಬೇಕು. ಇಂಗ್ಲಿಷ್, ಗಣಿತ, ವಿಜ್ಞಾನ ಎಲ್ಲ ಅದರಲ್ಲಿ ಬರುತ್ತವೆ. ಹತ್ತನೇ ಕ್ಲಾಸನ್ನೇ ಮೂರು ವರ್ಷಕ್ಕೆ ಎಳೆದ ಮಗುವಿಗೆ ಆ ಬಾಗಿಲು ಕಿರಿದಾಗುತ್ತದೆ. ಅಮೆಚೂರ್ ಆಗಿಯೂ ಉಳಿದಿರಬೇಕು. ಅವಸರದಲ್ಲಿ ಪ್ರೊ ಆದರೆ ಅದೂ ಹೋಗುತ್ತದೆ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಗಾಲ್ಫ್‌ನಲ್ಲಿ ಮಗು ತೀರಾ ಒಂಟಿ. ಪಕ್ಕದಲ್ಲಿ ತಂಡ ಇಲ್ಲ. ಶಾಲೆಯೂ ಇಲ್ಲದಿದ್ದರೆ, ಕೆಟ್ಟ ರೌಂಡ್ ಆಡಿದ ದಿನ ಅದು ಯಾರ ಜೊತೆ ಬೇರೆ ಮಾತಾಡಬೇಕು? ಹೋಟೆಲ್ ಕೋಣೆಯಲ್ಲಿ ಅಪ್ಪನ ಮುಖ, ಅಮ್ಮನ ಫೋನ್. ನಾಲ್ಕಡಿ ದೂರದ ಪಟ್ (ಗುಂಡಿಗೆ ಚೆಂಡು ಉರುಳಿಸುವ ಮೆಲು ಹೊಡೆತ) ಎದುರು ನಿಂತಾಗ ಮನೆಯ ಸಾಲ ನೆನಪಾಗುವ ಮಗುವಿನ ಕೈ ನಡುಗದೆ ಇರುತ್ತದೆಯೇ? ಬೆನ್ನು, ಮಣಿಕಟ್ಟು ನೋವಿಗೆ ಬಿದ್ದು ಆರು ತಿಂಗಳು ಆಡಲು ಆಗದಿದ್ದರೆ, ಕ್ಲಾಸಿನಲ್ಲಿ ಕೂರಲು ಒಂದು ಬೆಂಚು ಆದರೂ ಇರಬೇಕು.

ಹಾಗಾದರೆ ಮಾಡುವುದೇನು? ಶಾಲೆ ಬದಲಿಸಿ, ಬಿಡಬೇಡಿ. ಕೋರ್ಸ್‌ಗೆ ಹತ್ತಿರದ, ಮಧ್ಯಾಹ್ನ ಎರಡಕ್ಕೆ ಬಿಡುವ, ಫೀಸ್ ಕಮ್ಮಿ ಇರುವ ಶಾಲೆ ಹುಡುಕಿ. ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟದ ಕೂಟಕ್ಕೆ ಹೋಗುವ ಮಕ್ಕಳು ಬೋರ್ಡ್ ಪರೀಕ್ಷೆಯನ್ನು ಬೇರೆ ದಿನ ಬರೆಯಲು ಸಿಬಿಎಸ್‌ಇಯಲ್ಲಿ ಅವಕಾಶ ಇದೆ, ಅದನ್ನು ಬಳಸಿಕೊಳ್ಳಿ. ಮೈಸೂರು, ಕೊಡಗು, ಚೆನ್ನೈ, ಕೊಯಮತ್ತೂರು, ಊಟಿ, ಹೈದರಾಬಾದ್ ಎಲ್ಲ ರಾತ್ರಿ ರೈಲಿಗೋ ಬಸ್ಸಿಗೋ ಸಿಗುವ ಊರುಗಳು. ಹದಿನೈದರವರೆಗೆ ಇಷ್ಟರಲ್ಲೇ ಬೇಕಾದಷ್ಟು ಹುಲ್ಲು, ಗಾಳಿ, ಇಳಿಜಾರು ಸಿಗುತ್ತದೆ. ದೆಹಲಿ, ಚಂಡೀಗಢದ ಟಿಕೆಟ್ ತೆಗೆಯುವುದು ಬೇಸಿಗೆ ರಜೆಗೆ, ದಸರಾ ರಜೆಗೆ ಇರಲಿ.