ಆಕ್ಸಿಜನ್‌ಗೂ ಒಂದು ಚೀಟಿ ಬೇಕು

ಗೊತ್ತಿರುವವರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕ, ಅಮ್ಮನನ್ನು ಬಿಡೋಕೆ ಒಳ್ಳೇ ಕೇರ್ ಹೋಮ್ ಯಾವುದಿದೆ ಹೇಳಿ" ಅನ್ನುತ್ತಾರೆ. ಊಟ ಹೇಗೆ, ತಿಂಗಳಿಗೆ ಎಷ್ಟು, ಗಾಳಿ ಬೆಳಕು ಇದೆಯಾ, ಹತ್ತಿರ ದೇವಸ್ಥಾನ ಇದೆಯಾ, ಎಲ್ಲ ವಿಚಾರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಉಸಿರು ಕಟ್ಟಿದರೆ ಸಿಲಿಂಡರ್ ತೆರೆಯುವವರು ಯಾರು, ಅವರಿಗೆ ಅದನ್ನು ಕಲಿಸಿದವರು ಯಾರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮೈಸೂರಿನ ಸುತ್ತಮುತ್ತ ಹಿರಿಯರನ್ನು ನೋಡಿಕೊಳ್ಳುವ ಕೆಲವು ನರ್ಸಿಂಗ್ ಹೋಮ್, ಕೇರ್ ಹೋಮ್‌ಗಳಿಗೆ ಹೋಗಿ ಬರುತ್ತೇನೆ. ಹಾಸಿಗೆ ಹುಣ್ಣಿಗೆ ಡ್ರೆಸಿಂಗ್ ಮಾಡೋದು, ಟ್ಯೂಬ್‌ನಲ್ಲಿ ಊಟ ಕೊಡೋದು, ಇಂಥದ್ದನ್ನು ಅಲ್ಲಿನ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಅಲ್ಲಿ ನೋಡಿದ್ದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಕಡೆ ಆಕ್ಸಿಜನ್ ಮತ್ತು ಮಾತ್ರೆ ಎರಡೂ ಆ ಹೊತ್ತಿಗೆ ಯಾರ ಕೈ ಖಾಲಿ ಇದೆಯೋ ಅವರ ಕೆಲಸ. ಅದರಲ್ಲೂ ಆಕ್ಸಿಜನ್ ಅಂದರೆ ಫ್ಯಾನ್ ಸ್ವಿಚ್ ಥರ ಬೇಕಾದಾಗ ಹಾಕೋದು, ಬೇಡವಾದಾಗ ಆರಿಸೋದು ಅಂದುಕೊಂಡಿದ್ದಾರೆ. ಅದೂ ಔಷಧಿಯೇ. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಹೊತ್ತು, ಸ್ಯಾಚುರೇಶನ್ (ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಅನ್ನುವ ಅಂಕಿ) ಎಷ್ಟರಲ್ಲಿ ನಿಲ್ಲಬೇಕು ಅಂತ ಡಾಕ್ಟರು ಬರೆದುಕೊಟ್ಟಿರಬೇಕು. ಮಾತ್ರೆಗೆ ಚೀಟಿ ಕೇಳುತ್ತೇವೆ, ಆಕ್ಸಿಜನ್‌ಗೆ ಯಾಕೆ ಕೇಳಲ್ಲ?

ನಮ್ಮ ಕಡೆ ಜೀವನಪೂರ್ತಿ ಸೌದೆ ಒಲೆ ಮುಂದೆ ಕೂತು ಅಡುಗೆ ಮಾಡಿದ ಅಜ್ಜಿಯರು ಎಷ್ಟು ಜನ ಇದ್ದಾರೆ ಯೋಚಿಸಿ. ಬೀಡಿ ಮುಟ್ಟದಿದ್ದರೂ ಆ ಹೊಗೆಗೇ ಶ್ವಾಸಕೋಶ ಹಾಳಾಗಿ ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ ಬಂದಿರುತ್ತದೆ. ಇಂಥವರಿಗೆ ಸ್ಯಾಚುರೇಶನ್ 88ರಿಂದ 92ರ ನಡುವೆ ಇದ್ದರೆ ಸಾಕು. ಉಳಿದವರಿಗೆ 94ರ ಮೇಲೆ ಇರಬೇಕು ಅನ್ನುವ ಲೆಕ್ಕ ಇವರಿಗೆ ಹಾಕಬಾರದು. ಆದರೆ ಬೆರಳಿಗೆ ಸಿಕ್ಕಿಸಿ ಸ್ಯಾಚುರೇಶನ್ ನೋಡುವ ಆಕ್ಸಿಮೀಟರ್‌ನಲ್ಲಿ 89 ಕಂಡ ಕೂಡಲೇ ಮಗನೂ ಗಾಬರಿ, ಆಯಾನೂ ಗಾಬರಿ. ಎರಡು ಲೀಟರ್ ಇದ್ದದ್ದು ಎಂಟು ಲೀಟರ್‌ಗೆ ಹೋಗುತ್ತದೆ. ನಂಬರ್ 99 ತೋರಿಸುತ್ತದೆ, ಎಲ್ಲರಿಗೂ ಸಮಾಧಾನ. ಅತ್ತ ಅಜ್ಜಿಯ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ತಲೆನೋವು, ಮಂಪರು, ಆಮೇಲೆ ಗಾಢ ನಿದ್ದೆ. "ಪಾಪ, ಎಷ್ಟು ದಿನದ ಮೇಲೆ ನೆಮ್ಮದಿಯಾಗಿ ಮಲಗಿದ್ದಾರೆ" ಅಂತ ಮಾತಾಡಿಕೊಳ್ಳುತ್ತಾರೆ. ಅದು ನಿದ್ದೆ ಅಲ್ಲ. ಆ ಹೊತ್ತಲ್ಲಿ ಎಚ್ಚರಿಸಿ ಮಾತಾಡಿಸಬೇಕು. ಎಚ್ಚರ ಆಗದಿದ್ದರೆ ಆಸ್ಪತ್ರೆಗೆ ಓಡಬೇಕು. ಹಾಗಂತ ಸುಸ್ತಾಗಿ ಏದುಸಿರು ಬಿಡುವವರಿಗೆ ಆಕ್ಸಿಜನ್ ಕೊಡದೇ ಇರೋದೂ ಅಷ್ಟೇ ಅಪಾಯ. ಅದಕ್ಕೇ ಪ್ರತಿಯೊಬ್ಬರ ಮಂಚದ ತಲೆ ಹತ್ತಿರ ಅವರವರ ಅಂಕಿ ದೊಡ್ಡದಾಗಿ ಬರೆದು ಅಂಟಿಸಿರಬೇಕು ಅನ್ನೋದು.

ಇನ್ನು ಬೆಂಕಿ ವಿಷಯ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ. ಆದರೆ ಉರಿಯುವ ಬೆಂಕಿಗೆ ಅದು ಸಿಕ್ಕರೆ ಕೆಂಡಕ್ಕೆ ಊದುಕೊಳವೆಯಲ್ಲಿ ಊದಿದ ಹಾಗೆ ಆಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 21 ಭಾಗ ಇದೆ. ಕಿಟಕಿ ಮುಚ್ಚಿದ ರೂಮಿನಲ್ಲಿ ಸೋರಿ ಸ್ವಲ್ಪ ಜಾಸ್ತಿಯಾದರೂ ಬಟ್ಟೆ, ಹಾಸಿಗೆ, ಕೂದಲು ಎಲ್ಲ ಬೇಗ ಹತ್ತಿಕೊಳ್ಳುತ್ತವೆ. ಹೊದಿಕೆಯ ಎಳೆಗಳಲ್ಲೂ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಪೈಪ್ ತೆಗೆದು ಮಂಚದ ಮೇಲೆ ಹಾಗೇ ಬಿಟ್ಟರೆ ಗ್ಯಾಸ್ ಎಲ್ಲ ಹಾಸಿಗೆಗೇ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ದೆಹಲಿಯ ವಿವೇಕ್ ವಿಹಾರದ ಮಕ್ಕಳ ಆಸ್ಪತ್ರೆಗೆ ಬೆಂಕಿ ಬಿದ್ದು ಹಸುಗೂಸುಗಳು ಸತ್ತಾಗ ಅಲ್ಲಿದ್ದ ಸಿಲಿಂಡರ್‌ಗಳು ಸಿಡಿದಿದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಝಾನ್ಸಿಯ ಮೆಡಿಕಲ್ ಕಾಲೇಜಿನ ಶಿಶು ಘಟಕದಲ್ಲೂ ಬೆಂಕಿ ಬಿತ್ತು. ಎದ್ದು ಓಡಲಾಗದವರು ಮಲಗಿರುವ ಜಾಗಗಳು ಇವು. ನಮ್ಮ ಅಜ್ಜ ಅಜ್ಜಿಯರೂ ಹಾಗೇ ಅಲ್ವಾ?

ನಮ್ಮ ಕೇರ್ ಹೋಮ್‌ಗಳಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ ಅಂತ ಓನರ್‌ಗಳು ಹೇಳುತ್ತಾರೆ, ನಿಜವೂ ಇರಬಹುದು. ಆದರೆ ಸಂಜೆ ದೀಪ ಹಚ್ಚುತ್ತಾರೆ. ಊದುಬತ್ತಿ ಹಿಡಿದು ಪ್ರತಿ ಮಂಚದ ಹತ್ತಿರ ಬರುತ್ತಾರೆ. ಮಳೆಗಾಲದಲ್ಲಿ ಮಂಚದ ಕೆಳಗೇ ಸೊಳ್ಳೆ ಬತ್ತಿ. ಅಜ್ಜಿಗೆ ದೇವರ ದೀಪ ಬೇಕು, ಬೇಡ ಅನ್ನಬೇಡಿ. ಆಕ್ಸಿಜನ್ ಇಲ್ಲದ ಕೋಣೆಯಲ್ಲಿ ಹಚ್ಚಿ. ಆಕ್ಸಿಜನ್ ಹಾಕಿದವರ ಹತ್ತಿರ ಮಂಗಳಾರತಿ ತಟ್ಟೆ ತರಬೇಡಿ, ದೂರದಿಂದ ಕೈ ಮುಗಿದರೆ ಸಾಕು.

ಎಣ್ಣೆಯ ಅಪಾಯವಂತೂ ಯಾರಿಗೂ ಗೊತ್ತೇ ಇಲ್ಲ. ಬೆಳಗ್ಗೆ ಅಜ್ಜನ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ ಕೈಯಲ್ಲೇ ಒಬ್ಬ ಹುಡುಗಿ ರೆಗ್ಯುಲೇಟರ್ ಹಿಡಿದು ತಿರುಗಿಸುತ್ತಿದ್ದಳು. ಅದು ಬಿಗಿಯಾಗಿತ್ತು. "ಒಂದು ಹನಿ ಎಣ್ಣೆ ಬಿಡ್ಲಾ ಅಕ್ಕ?" ಅಂತ ಕೇಳಿದಳು. ಬಾಗಿಲ ಚಿಲಕಕ್ಕೆ ನಾವು ಮಾಡೋದು ಅದನ್ನೇ, ಹಾಗಾಗಿ ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ತುಂಬಿದ ಸಿಲಿಂಡರ್ ಒಳಗಿನ ಒತ್ತಡ ನಾವು ಬದುಕುವ ಗಾಳಿಯ ಒತ್ತಡಕ್ಕಿಂತ ಸುಮಾರು 150 ಪಟ್ಟು. ಅಂಥ ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಕಡ್ಡಿ ಗೀರದೆಯೇ ಹತ್ತಿಕೊಳ್ಳಬಹುದು. ಕೈ ಸೋಪಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಮುಟ್ಟು ಅಂದೆ. ಸ್ಯಾನಿಟೈಸರ್ ಹಾಕಿದ್ದರೂ ಪೂರ್ತಿ ಒಣಗಬೇಕು. ಮೂಗಿಗೆ ಆಕ್ಸಿಜನ್ ಪೈಪ್ ಹಾಕಿದವರಿಗೆ ಶೀತ ಅಂತ ಮೂಗಿನ ಕೆಳಗೆ ವಿಕ್ಸ್, ತುಟಿ ಒಡೆದಿದೆ ಅಂತ ವ್ಯಾಸಲಿನ್ ಹಚ್ಚುವುದೂ ಬೇಡ. ನೀರಿನಂಶದ ಜೆಲ್ ಸಿಗುತ್ತದೆ, ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ.

ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಸರಪಳಿಯಲ್ಲಿ ಗೋಡೆಗೋ ಟ್ರಾಲಿಗೋ ಕಟ್ಟಿರಬೇಕು. ಖಾಲಿ ಬೇರೆ, ತುಂಬಿದ್ದು ಬೇರೆ. ನಮ್ಮ ದೇಶದಲ್ಲಿ ಮೆಡಿಕಲ್ ಆಕ್ಸಿಜನ್ ಸಿಲಿಂಡರ್ ಮೈ ಕಪ್ಪು, ಹೆಗಲು ಬಿಳಿ. ಬಣ್ಣ ಹೋಗಿ ತುಕ್ಕು ಹಿಡಿದದ್ದನ್ನು ವಾಪಸ್ ಕಳಿಸಿ. ತೆರೆಯುವ ಕೀ ಅದಕ್ಕೇ ದಾರದಲ್ಲಿ ಕಟ್ಟಿರಲಿ. ಕೀ ಆಫೀಸ್ ಡ್ರಾನಲ್ಲಿದೆ, ಆಫೀಸಿಗೆ ಬೀಗ ಹಾಕಿದೆ, ಮ್ಯಾನೇಜರ್ ಮನೆಗೆ ಹೋಗಿದ್ದಾರೆ. ಇದು ನಾನು ಕಣ್ಣಾರೆ ಕಂಡದ್ದು.

ಲೆಕ್ಕವೂ ಗೊತ್ತಿರಬೇಕು. ದೊಡ್ಡ ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್, ಚಿಕ್ಕದರಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 5 ಲೀಟರ್ ಹೋಗುತ್ತಿದ್ದರೆ ಚಿಕ್ಕದು ಐದು ಗಂಟೆಗೆ ಮುಗಿಯುತ್ತದೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವ ಮೂರಕ್ಕೆ ಖಾಲಿ, ಎಲ್ಲರಿಗೂ ಗಾಢ ನಿದ್ದೆ ಹತ್ತಿರುವ ಹೊತ್ತು. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕರೆಂಟ್ ಮೆಷಿನ್, ಕಾನ್ಸಂಟ್ರೇಟರ್ ಇದೆ ಅಂತ ಧೈರ್ಯವಾಗಿರುವವರು ಕರೆಂಟ್ ಹೋದರೆ ಏನು ಮಾಡುತ್ತೀರಿ ಅನ್ನೋದಕ್ಕೂ ಉತ್ತರ ಇಟ್ಟುಕೊಂಡಿರಬೇಕು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ತೀರಿಕೊಂಡದ್ದು ನಮ್ಮ ಪಕ್ಕದ ಜಿಲ್ಲೆಯಲ್ಲೇ. ಆಕ್ಸಿಜನ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ಏನಾಗುತ್ತದೆ ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ನೋಡಿದ ಮೇಲೂ ಇನ್ನೊಂದು ತುಂಬಿದ ಸಿಲಿಂಡರ್ ಇಡದೆ ನಡೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾತ್ರೆಗೆ ಬರುತ್ತೇನೆ. ಒಂದು ಕಡೆ ರಾತ್ರಿ ಊಟದ ಹೊತ್ತು. ಮೇಜಿನ ಮೇಲೆ ಚಿಕ್ಕ ಸ್ಟೀಲ್ ಬಟ್ಟಲುಗಳ ಸಾಲು. ಪ್ರತಿಯೊಂದಕ್ಕೂ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದಿದ್ದಾರೆ. ಎಲ್ಲರ ಮಾತ್ರೆಯನ್ನೂ ಮಧ್ಯಾಹ್ನವೇ ಶೀಟಿನಿಂದ ಬಿಡಿಸಿ ಹಾಕಿಟ್ಟಿದ್ದಾರೆ. ಬಿಡಿಸಿದ ಮೇಲೆ ಬಿಳಿ ಮಾತ್ರೆ ಎಲ್ಲ ಒಂದೇ ಥರ. ಹಾಲ್‌ನಲ್ಲಿ ಇಬ್ಬರು ಲಕ್ಷ್ಮಮ್ಮ. ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಶುಗರ್ ಇಲ್ಲವೇ ಇಲ್ಲ. ಹುಡುಗಿ ಬಗ್ಗಿ "ಲಕ್ಷ್ಮಮ್ಮಜ್ಜಿ ಅಲ್ವಾ?" ಅಂತ ಕೇಳುತ್ತಾಳೆ. ಕಿವಿ ಕೇಳದ ಅಜ್ಜಿ ಯಾರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಅವತ್ತು ಬಟ್ಟಲು ಅದಲುಬದಲಾಗಲಿಲ್ಲ, ಅಷ್ಟೇ. "ನಿಮ್ಮ ಹೆಸರೇನಜ್ಜಿ?" ಅಂತ ಕೇಳಿ, ಅವರ ಬಾಯಿಂದಲೇ ಹೇಳಿಸಬೇಕು. ಮರೆವಿನ ಕಾಯಿಲೆ ಇರುವವರಿಗೆ ಅದೂ ಆಗಲ್ಲ, ಅವರ ಔಷಧಿ ಚಾರ್ಟ್ ಮೇಲೆ ಫೋಟೋ ಇರಬೇಕು. ಮಾತ್ರೆ ಬಿಡಿಸುವುದು ಮಂಚದ ಪಕ್ಕದಲ್ಲೇ, ನುಂಗಿದ್ದನ್ನು ನೋಡಿದ ಮೇಲೇ ಸಹಿ.

ಇನ್ಸುಲಿನ್ ಬಗ್ಗೆ ದಯವಿಟ್ಟು ಎಲ್ಲರೂ ಓದಿ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಬರುವುದು ಸಾಮಾನ್ಯವಾಗಿ 100 ಯೂನಿಟ್. ಸಿರಿಂಜ್ ಕೂಡ ಎರಡು ಥರ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 20 ಯೂನಿಟ್ ಅಲ್ಲ, 50. ರಾತ್ರಿ ಶುಗರ್ ಕುಸಿದರೆ ವಯಸ್ಸಾದವರು ಕೂಗುವುದೂ ಇಲ್ಲ, ಬೆವರಿ ಹಾಗೇ ಪ್ರಜ್ಞೆ ತಪ್ಪುತ್ತಾರೆ. ಫ್ರಿಜ್‌ನಲ್ಲಿ ಎರಡು ಥರದ ಸಿರಿಂಜ್ ಒಂದೇ ಡಬ್ಬದಲ್ಲಿ ಇದ್ದರೆ ಇವತ್ತೇ ಬೇರೆ ಮಾಡಿಸಿ.

ಮೆಥೋಟ್ರೆಕ್ಸೇಟ್ ಅಂತ ಒಂದು ಮಾತ್ರೆ, ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಅದನ್ನು ಗೊತ್ತಿಲ್ಲದೆ ದಿನಾ ಕೊಟ್ಟು ಜೀವ ಹೋದ ಪ್ರಕರಣಗಳು ಜಗತ್ತಿನ ಎಲ್ಲ ಕಡೆ ಇವೆ. ಚಾರ್ಟ್‌ನಲ್ಲಿ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಇರುವ ಮಾತ್ರೆಗಳನ್ನು ಪುಡಿ ಮಾಡಿ ಟ್ಯೂಬ್‌ಗೆ ಹಾಕಬಾರದು. ಇಡೀ ದಿನ ನಿಧಾನವಾಗಿ ಬಿಡಬೇಕಾದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ಬೇರೆ ರೂಪದಲ್ಲಿ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿದರೆ ಅವರು ಬೈಯುವುದಿಲ್ಲ.

ಮಕ್ಕಳಿಂದಲೂ ಗೊಂದಲ ಆಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಬಿಪಿ ಮಾತ್ರೆ ಟೆಲ್ಮಾ 40. ಮಗಳು ಜನೌಷಧಿಯಿಂದ ತಂದುಕೊಟ್ಟದ್ದು ಟೆಲ್ಮಿಸಾರ್ಟಾನ್ 40. ಎರಡೂ ಒಂದೇ ಔಷಧಿ. ಹೆಸರು ಬೇರೆ ಕಂಡದ್ದಕ್ಕೆ ಎರಡನ್ನೂ ಕೊಡುತ್ತಾರೆ. ಬಿಪಿ ಇಳಿದು ಅಪ್ಪ ಬಾತ್‌ರೂಮಿನಲ್ಲಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಆಮೇಲೆ ಎಲ್ಲರೂ ನೆಲ ಜಾರುತ್ತಿತ್ತು ಅನ್ನುತ್ತಾರೆ. ಹೊಸ ಚೀಟಿ ಬಂದ ದಿನ ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಓದಿ, ನಿಂತುಹೋದ ಮಾತ್ರೆಯನ್ನು ಅಲ್ಲಿಂದ ತೆಗೆದುಬಿಡಬೇಕು. ಶೀಟ್ ಕತ್ತರಿಸಿ ತರುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿ ಉಳಿದಿದೆಯಾ ನೋಡಿಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ರಾತ್ರಿ ಕೂಗುತ್ತಾರೆ, ಎದ್ದು ಓಡಾಡುತ್ತಾರೆ ಅಂತ ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಅನ್ಯಾಯ. ಇದು ಎಷ್ಟೋ ಕಡೆ ನಡೆಯುತ್ತಿದೆ. ಅಜ್ಜ ಯಾಕೆ ಕೂಗುತ್ತಿದ್ದಾರೆ ಅಂತ ನೋಡಿದರೆ ಮೂತ್ರ ಕಟ್ಟಿರುತ್ತದೆ, ಡೈಪರ್ ಒದ್ದೆಯಾಗಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಉಸಿರಿನ ತೊಂದರೆ ಇರುವವರಿಗೆ ಆ ಮಾತ್ರೆ ಉಸಿರನ್ನೇ ತಗ್ಗಿಸುತ್ತದೆ. ಅಮೆರಿಕದಲ್ಲಿ 1987ರಲ್ಲೇ, ಸಿಬ್ಬಂದಿಯ ಅನುಕೂಲಕ್ಕಾಗಿ ಔಷಧಿ ಕೊಟ್ಟು ಹಿರಿಯರನ್ನು ಕಟ್ಟಿಹಾಕಬಾರದು ಅಂತ ಕಾನೂನು ಮಾಡಿದರು. ನಮ್ಮಲ್ಲೂ ಅಷ್ಟೇ ನೇರವಾದ ಮಾತು ಬೇಕು.

ಇಷ್ಟೆಲ್ಲ ಓದಿ ಆಯಾಗಳ ಮೇಲೆ ಸಿಟ್ಟಾಗಬೇಡಿ. ಹಗಲು ಕೆಲಸ ಮಾಡಿ ರಾತ್ರಿಯೂ ಉಳಿದವಳು, ಕಡಿಮೆ ಸಂಬಳ, ಇಂಗ್ಲಿಷ್ ಓದಲು ಬರದವಳು. ಅವಳ ಕೈಗೆ ಇಂಗ್ಲಿಷ್ ಚಾರ್ಟ್ ಕೊಟ್ಟವರು ನಾವು. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ನಮ್ಮ ರಾಜ್ಯದಲ್ಲಿ 2007ರಿಂದ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಕೇರ್ ಹೋಮ್‌ನವರು "ನಾವು ಆಸ್ಪತ್ರೆ ಅಲ್ಲ" ಅಂತ ಜಾರಿಕೊಳ್ಳುತ್ತಾರೆ. ಟ್ಯೂಬ್ ಹಾಕಿದವರನ್ನು ಇಟ್ಟುಕೊಂಡು, ಸಿಲಿಂಡರ್ ಇಟ್ಟುಕೊಂಡು, ಇನ್ಸುಲಿನ್ ಚುಚ್ಚುತ್ತಿದ್ದರೆ ಅದು ಆಸ್ಪತ್ರೆಯ ಕೆಲಸವೇ. ರಾತ್ರಿ ಪಾಳಿಗೆ ಒಬ್ಬರಾದರೂ ಕಲಿತ ನರ್ಸ್ ಇರಲೇಬೇಕು ಅಂತ ಸರ್ಕಾರ ಹೇಳಬೇಕು. ಆರೋಗ್ಯ ಇಲಾಖೆಯವರು ರಾತ್ರಿ ಹೋಗಿ ನೋಡಬೇಕು. ನರ್ಸ್ ಇಟ್ಟರೆ ತಿಂಗಳ ಫೀಸ್ ಸ್ವಲ್ಪ ಏರುತ್ತದೆ, ಅದನ್ನು ಮಕ್ಕಳು ಕೊಡಬೇಕು.

ಅದು ಆಗುವವರೆಗೆ ಕಾಯುವುದು ಬೇಡ. ಸಿಲಿಂಡರ್ ತೆರೆಯುವುದು, ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಅಂತ ತೋರಿಸುವ ಫ್ಲೋ ಮೀಟರ್ ಓದುವುದು, ಆಕ್ಸಿಜನ್‌ಗೆ ತೇವ ಕೊಡಲು ಇಟ್ಟಿರುವ, ಗುಳುಗುಳು ಅನ್ನುವ ಬಾಟಲಿಯ ಡಿಸ್ಟಿಲ್ಡ್ ವಾಟರ್ ದಿನಾ ಬದಲಿಸುವುದು, ಮಾತ್ರೆ ಕೊಟ್ಟು ಸಹಿ ಹಾಕುವುದು, ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕನ್ನಡದಲ್ಲೇ ಕಲಿಸಬಹುದು. ಮೈಸೂರು, ಮಂಡ್ಯ, ಚಾಮರಾಜನಗರ ಕಡೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹತ್ತಿರದ ಒಂದು ಕೇರ್ ಹೋಮ್‌ಗೆ ಹೋಗಿ. ನನಗೆ ತಿಳಿಸಿದರೆ ಕನ್ನಡದ ಚಾರ್ಟ್ ಮಾಡಿಟ್ಟಿದ್ದೇನೆ, ಕಳಿಸುತ್ತೇನೆ. ಕರೆದರೆ ನಾನೂ ಬರುತ್ತೇನೆ.