ಭಾವ ಮುಟ್ಟಿದ ಚಾರ್ಟು

ಇವತ್ತು ಬೆಳಗ್ಗೆ ಒಂಬತ್ತೂಕಾಲಿಗೆ ಷೇರು ಮಾರ್ಕೆಟ್ ಶುರುವಾಯಿತು. ನನ್ನ ಚಾರ್ಟಿನಲ್ಲಿ ಮಾತ್ರ ಮಾರ್ಕೆಟ್ ಕಾಣಲಿಲ್ಲ. ಏಳೆಂಟು ಬಣ್ಣದ ಗೆರೆಗಳಿದ್ದವು, ಚುಕ್ಕಿಗಳಿದ್ದವು, ಹಸಿರು-ಕೆಂಪು ಮೋಡವೊಂದಿತ್ತು. ದಿನದಿನದ ಬೆಲೆ ತೋರಿಸುವ ಕಂಬ, ಕ್ಯಾಂಡಲ್? ಆ ಮೋಡದ ಸಂದಿಯಲ್ಲಿ ಒಂದರ ತುದಿ ಇಣುಕುತ್ತಿತ್ತು.

ಇದು ಮಂಡ್ಯದ ನಮ್ಮ ಭಾವನ ಕೆಲಸ. ಚಾರ್ಟ್ ಸಾಫ್ಟ್‌ವೇರಿನ ಚಂದಾ ನಾವಿಬ್ಬರೂ ಅರ್ಧರ್ಧ ಕಟ್ಟುತ್ತೇವೆ. ಬಿಟ್ಟಿ ಖಾತೆಯಲ್ಲಿ ಎರಡು ಇಂಡಿಕೇಟರ್, ಅಂದರೆ ಬೆಲೆಯಿಂದ ಲೆಕ್ಕ ಹಾಕಿ ಎಳೆಯುವ ಗೆರೆ, ಹಾಕಿ ಮೂರನೆಯದಕ್ಕೆ ಕೈಹಾಕಿದರೆ ದುಡ್ಡು ಕೇಳುತ್ತಲ್ಲ, ಅದಕ್ಕೆ. ಲಾಗಿನ್ ಒಂದೇ. ರಾತ್ರಿ ಊಟ ಮುಗಿಸಿ ಅವರು ಅಲ್ಲಿ ಗೀಚಿದ್ದೆಲ್ಲ ತಾನಾಗಿಯೇ ಸೇವ್ ಆಗಿ, ಬೆಳಗ್ಗೆ ಕುವೆಂಪುನಗರದಲ್ಲಿ ನನ್ನ ಇಡ್ಲಿ ತಟ್ಟೆ ಮುಂದೆ ತೆರೆದುಕೊಳ್ಳುತ್ತದೆ. ನಾನು ಇಟ್ಟುಕೊಂಡಿರುವುದು ಎರಡೇ ಗೆರೆ. 50 ದಿನದ ಮೂವಿಂಗ್ ಆವರೇಜ್, ಅಂದರೆ ಅಷ್ಟು ದಿನದ ಬೆಲೆಯ ಸರಾಸರಿ, ಮತ್ತೆ 200 ದಿನದ್ದು.

"ನಿನ್ ಚಾರ್ಟು ಬೋಳುಬೋಳಾಗದೆ ಕಣಪ್ಪಾ," ಅನ್ನುತ್ತಾರೆ ಭಾವ.

ಬೋಳಾಗಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಆರ್‌ಎಸ್‌ಐ ಅನ್ನುವ ಇಂಡಿಕೇಟರ್ ಹಾಕಿದರು. ಎಡಿಎಕ್ಸ್ ಹಾಕಿದರು. ಎಟಿಆರ್, ಪ್ಯಾರಾಬಾಲಿಕ್ ಎಸ್‌ಎಆರ್ ಕೂಡ. "ನಾಕೂ ಒಂದೇ ಮಾತು ಹೇಳ್ತಾವೆ, ಇನ್ನೇನ್ ಬೇಕು?" ಅಂದರು. ಹೇಳದೇ ಏನು ಮಾಡ್ತಾವೆ? ನಾಲ್ಕನ್ನೂ 1978ರಲ್ಲಿ ಒಂದೇ ಪುಸ್ತಕದಲ್ಲಿ ಕೊಟ್ಟವನು ಒಬ್ಬನೇ, ವೆಲ್ಸ್ ವೈಲ್ಡರ್ ಅನ್ನುವ ಮೆಕ್ಯಾನಿಕಲ್ ಎಂಜಿನಿಯರ್. ನಾಲ್ಕಕ್ಕೂ ಸರಕು ಅದೇ ಷೇರಿನ ಅದೇ ಬೆಲೆ. ಪಂಚಾಯ್ತಿಗೆ ನಾಲ್ಕು ಸಾಕ್ಷಿ ಕರೆತಂದೆ ಅಂತ ಬೀಗಿದರೆ, ನಾಲ್ವರೂ ಒಂದೇ ಮನೆಯ ಅಣ್ಣತಮ್ಮಂದಿರು.

ಮೋಡ ಇಚಿಮೊಕು ಅಂತ, ಜಪಾನಿನದು. ಅದರ ಮೇಲೆ ಭಾವನಿಗೆ ವಿಶೇಷ ಪ್ರೀತಿ. ಆ ನಾಲ್ಕೂ ಇವತ್ತಿಗೆ ನಿಂತರೆ ಇದು 26 ದಿನ ಮುಂದಕ್ಕೆ ಹೋಗಿ ಖಾಲಿ ಜಾಗದಲ್ಲೂ ಹರಡಿಕೊಂಡಿರುತ್ತದೆ. ಹಳೇ ಲೆಕ್ಕವನ್ನೇ ಮುಂದಕ್ಕೆ ತಳ್ಳಿ ಬರೆದಿರುತ್ತಾರೆ ಅಷ್ಟೇ ಭಾವ, ಅಂದೆ. ಕೇಳಿಸಲಿಲ್ಲ.

ಈಚೆಗೆ ಅಲಿಗೇಟರ್ ಅನ್ನುವ ಇನ್ನೊಂದು ಇಂಡಿಕೇಟರ್ ಬಂದಿದೆ. ನೀಲಿ ಗೆರೆ ದವಡೆ, ಕೆಂಪು ಹಲ್ಲು, ಹಸಿರು ತುಟಿ. ಮೂರೂ ಹೆಣೆದುಕೊಂಡಿದ್ದರೆ ಮೊಸಳೆ ನಿದ್ದೆಯಲ್ಲಿದೆ, ಅಗಲವಾದರೆ ಬಾಯಿ ತೆರೆದಿದೆ ಅಂತ ಲೆಕ್ಕ. ಆಫೀಸಿನಲ್ಲಿ ಮೀಟಿಂಗ್ ನಡೀತಿರುವಾಗ ಫೋನ್ ಬರುತ್ತದೆ. "ಮಲಗದೆ ಕಣಪ್ಪಾ, ಈಗ ತಗಬ್ಯಾಡ." ಮೊಸಳೆ ನೋಡಲೇಬೇಕು ಅಂದರೆ ರಂಗನತಿಟ್ಟು ನಿಮ್ಮ ಜಿಲ್ಲೆಯಲ್ಲೇ ಇದೆ ಭಾವ, ದೋಣಿ ಹತ್ತಿ ಅಂದುಬಿಡೋಣ ಅನಿಸುತ್ತದೆ. ಅಕ್ಕನ ಮುಖ ನೋಡಿ ಸುಮ್ನಿರುತ್ತೇನೆ.

ಹೋದ ತಿಂಗಳಿನದು ಎಲ್ಲಕ್ಕೂ ಮೇಲು. ಗ್ಯಾಸ್ ಸಿಲಿಂಡರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಭಾವನ ಫೋನು.

"ಸೊನ್ನೆಗೆ ಬಂದ್ಬುಡ್ತು ಕಣಪ್ಪಾ!"

"ಯಾವುದು?"

"ಎಲ್ಲಾವೂ!"

ಹಿಂದಿನಿಂದ ಅಕ್ಕ, "ನನ್ ಚೀಟಿ ದುಡ್ಡೂ ಅದ್ರಲ್ಲೇ ಹಾಕವ್ರೆ, ಕೇಳು!" ಅಂತ ಕೂಗುತ್ತಿದ್ದಾಳೆ.

ಆಗಿದ್ದಿಷ್ಟು. ಭಾವ ವಾಲ್ಯೂಮನ್ನು, ಅಂದರೆ ದಿನಕ್ಕೆ ಎಷ್ಟು ಷೇರು ಕೈಬದಲಾದವು ಅನ್ನುವ ಲೆಕ್ಕವನ್ನು, ಎಳೆದು ಬೆಲೆಯ ಸ್ಕೇಲಿಗೇ ಸೇರಿಸಿಬಿಟ್ಟಿದ್ದರು. ಬೆಲೆ ನೂರರ ಲೆಕ್ಕದಲ್ಲಿ, ವಾಲ್ಯೂಮ್ ಲಕ್ಷದ ಲೆಕ್ಕದಲ್ಲಿ. ಒಂದೇ ಸ್ಕೇಲಿನಲ್ಲಿ ಲಕ್ಷ ಹಿಡಿಸಲು ಹೋದರೆ ಪಾಪ ಕ್ಯಾಂಡಲ್‌ಗಳು ತಳಕ್ಕೆ ಅಂಟಿಕೊಂಡು ಒಂದು ಗೆರೆ ಆಗುತ್ತವೆ.

"ಬಲಗಡೆ ಬೆಲೆ ಎಷ್ಟು ತೋರಿಸ್ತಿದೆ ಭಾವ?"

"ಎಂಟ್ನೂರ ಹನ್ನೆರಡು."

"ನಿನ್ನೆ?"

"ಎಂಟ್ನೂರ ಹತ್ತು."

"ಮತ್ತೇನು?"

"ಅದು ಸುಳ್ಳು ಕಣಪ್ಪಾ. ಗೆರೆ ನೋಡು, ನೆಲಕ್ಕೆ ಮಲಗ್ಬುಟ್ಟದೆ!"

ವಾಲ್ಯೂಮನ್ನು ಕೆಳಗೆ ಬೇರೆ ಖಾನೆಗೆ ಕಳಿಸಿ ಅಂದೆ. ಅವರು ಏನು ಒತ್ತಿದರೋ, ಕ್ಯಾಂಡಲ್‌ಗಳೇ ಮಾಯವಾದವು. "ಈಗ ಅದೂ ಇಲ್ಲ," ಅಂದರು ಕುಗ್ಗಿದ ದನಿಯಲ್ಲಿ. ಸಿಲಿಂಡರ್‌ನವನು ಚಿಲ್ಲರೆ ಇಲ್ಲ ಅಂತ ಬಾಕಿ ದುಡ್ಡು ಕೊಡದೆ ಹೋದ. ಅವತ್ತು ನಿಜವಾಗಿ ಕಳೆದದ್ದು ಅದೊಂದೇ.

ಹಬ್ಬಕ್ಕೆ ಮಂಡ್ಯಕ್ಕೆ ಹೋದಾಗ ಭಾವ ಚಾರ್ಟನ್ನು ಟಿವಿಗೇ ಹಾಕಿ ನನಗೆ ಪಾಠ ಮಾಡುತ್ತಿದ್ದರು. ಅವರ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ತಲೆ ಎತ್ತಿ ಮೇಲೇರುತ್ತಿದ್ದ ಗೆರೆ ನೋಡಿ, "ಕಟ್ಟೆ ಎಷ್ಟ್ ಅಡಿಗೆ ಬಂತಪ್ಪಾ?" ಅಂದರು. ನಾವಿಬ್ಬರೂ ನಕ್ಕೆವು. ಆಮೇಲೆ ಭಾವನೇ ಹೇಳಿದರು. ಅವರ ಅಪ್ಪ ಇದ್ದಾಗ ಪೇಪರಿನಲ್ಲಿ ಬರುವ ಕೆಆರ್‌ಎಸ್ ಮಟ್ಟವನ್ನು ದಿನಾ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರಂತೆ. 124.80 ಅಂದರೆ ಕಟ್ಟೆ ತುಂಬಿತು. ಮಳೆಗಾಲದಲ್ಲೂ 80ರ ಹತ್ತಿರವೇ ಇದ್ದರೆ ಆ ಸಲ ನಾಲೆಯ ಆಸೆ ಬಿಟ್ಟು, ಭತ್ತದ ಮಾತು ಎತ್ತುತ್ತಿರಲಿಲ್ಲವಂತೆ. ಅದರ ಮೇಲೆ ಇನ್ನೊಂದು ಗೆರೆ ಅವರಿಗೆ ಬೇಕಾಗಿರಲಿಲ್ಲ. ಭಾವ ರಿಮೋಟ್ ಹಿಡಿದುಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೋಲಿಂಜರ್ ಬ್ಯಾಂಡ್ ಅಂತ ಇನ್ನಷ್ಟು ಗೆರೆ ಹಾಕಿದರು.

ಇವತ್ತು ಇಡ್ಲಿ ಆರಿಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ನನ್ನ ಎರಡು ಗೆರೆಯ ಚಾರ್ಟನ್ನು ಬೇರೆ ಲೇಔಟ್ ಮಾಡಿ, 'ಮುಟ್ಟಬೇಡಿ' ಅಂತ ಹೆಸರು ಕೊಟ್ಟು ಸೇವ್ ಮಾಡಿದೆ. ಮಧ್ಯಾಹ್ನ ಭಾವನ ಫೋನ್ ಬಂತು.

"ಅದ್ಯಾವ್ದಪ್ಪಾ, ಮುಟ್ಟಬೇಡಿ ಅಂತ ಹೊಸದು ಬಂದದೆ? ಬೋಳಾಗಿತ್ತು, ಮೊಸಳೆ ಹಾಕಿವ್ನಿ ನೋಡು."