ಎರಡು ಬುಟ್ಟಿ ಗೊಬ್ಬರ

ಮೈಸೂರಿನ ನಮ್ಮ ಮನೆಯ ಹಿತ್ತಲಿನದು ಕೆಂಪು ಮಣ್ಣು. ಬೇಸಿಗೆಯಲ್ಲಿ ಅದಕ್ಕೆ ಗುದ್ದಲಿ ಹಾಕಿದರೆ ‘ಠಣ್’ ಎಂದು ಸದ್ದಾಗುತ್ತದೆಯೇ ಹೊರತು ಮಣ್ಣು ಮೇಲೇಳುವುದಿಲ್ಲ. ಕೊಳೆತ ಎಲೆ, ಸಗಣಿಗಳ ಸತ್ವ ಸೇರಿದರೆ ಇಂಥ ಮಣ್ಣೂ ಸಡಿಲಗೊಂಡು ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂದು ಓದಿದ ನಾನು, ನಿವೃತ್ತಿಯ ಮೊದಲ ತಿಂಗಳ ಹುಮ್ಮಸ್ಸಿನಲ್ಲಿ ಅಡುಗೆಮನೆಯ ಸಿಪ್ಪೆಯ ಬುಟ್ಟಿಯನ್ನು ನನ್ನ ಸುಪರ್ದಿಗೆ ತೆಗೆದುಕೊಂಡೆ.

ಗೊಬ್ಬರ ಚೆನ್ನಾಗಿ ಕಳಿಯಬೇಕಾದರೆ ಸಾರಜನಕ 1 ಪಾಲಿಗೆ ಇಂಗಾಲ ಸುಮಾರು 30 ಪಾಲು ಇರಬೇಕು. ಅಂದರೆ ಹಸಿ ಸಿಪ್ಪೆಗೆ ಒಣಗಿದ ಎಲೆಯನ್ನು ಧಾರಾಳವಾಗಿ ಬೆರೆಸಬೇಕು. ಜೀವಮಾನವಿಡೀ ಲೆಕ್ಕಪತ್ರ ಬರೆದ ನಾನು ಒಣ ಎಲೆಯ ಬಾಬತ್ತನ್ನೇ ಬಿಟ್ಟುಬಿಟ್ಟಿದ್ದೆ. ಕಲ್ಲಂಗಡಿ ಸಿಪ್ಪೆ, ಸೌತೆಕಾಯಿಯ ತಿರುಳು, ಹಳಸಿದ ಹುಳಿ ಎಲ್ಲವೂ ಗಾಳಿಯಾಡದ ಡ್ರಮ್ಮಿನಲ್ಲಿ ಒಂದು ವಾರ ಒಟ್ಟಿಗೆ ಕುಳಿತು ಹೊರಡಿಸಿದ ವಾಸನೆಗೆ, ಪಕ್ಕದ ಮನೆಯವರು ಒಳಚರಂಡಿ ಕಟ್ಟಿಕೊಂಡಿದೆಯೆಂದು ದೂರು ಕೊಟ್ಟರು. ನೋಡಲು ಬಂದವರು ‘ಚರಂಡಿ ಚೆನ್ನಾಗಿಯೇ ಇದೆ, ಸಾರ್’ ಎಂದು ಹೇಳಿ ಮೂಗು ಮುಚ್ಚಿಕೊಂಡು ನಮ್ಮ ಡ್ರಮ್ಮಿನ ಕಡೆಗೇ ತಿರುಗಿದರು.

ಕಾಪಾಡಿದವರು ಬೀದಿ ಗುಡಿಸುವ ಅಮ್ಮ. ಅವರು ಕೊಟ್ಟ ಎರಡು ಮೂಟೆ ಹೊಂಗೆಯ ತರಗೆಲೆಯನ್ನು ಬೆರೆಸಿ, ಡ್ರಮ್ಮಿಗೆ ತೂತು ಕೊರೆದು, ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಮಗುಚಿದ ಮೇಲೆ ವಾಸನೆ ಇಳಿಯಿತು; ಒಳಗೆ ಕೈಯಿಟ್ಟರೆ ಬೆಚ್ಚಗಾಗತೊಡಗಿತು. ಈ ನಡುವೆ ತಾಳ್ಮೆಗೆಟ್ಟು ಗುಲಾಬಿಯ ಬುಡಕ್ಕೆ ಕಡಲೆಕಾಯಿ ಹಿಂಡಿ ಹಾಕಿದ್ದೆ. ಅದನ್ನು ಹೆಗ್ಗಣಗಳು ಒಂದೇ ರಾತ್ರಿಯಲ್ಲಿ ಗಿಡಸಮೇತ ಬಗೆದು ತಿಂದವು. ನನ್ನ ಗುದ್ದಲಿಗೆ ಬಗ್ಗದ ಮಣ್ಣು ಅವಕ್ಕೆ ಹೇಗೆ ಬಗ್ಗಿತೋ, ಅದು ಬೇರೆ ಮಾತು.

ಅದೇ ದಿನಗಳಲ್ಲಿ ಮನೆಯ ಚಮಚಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಮೊಮ್ಮಗನ ಹುಟ್ಟುಹಬ್ಬಕ್ಕೆ ಬಂದಿದ್ದ ನೆಂಟರ ಮೇಲೆ ನನ್ನಾಕೆಗೆ ಅನುಮಾನ. ಬಂದವರು ಆಕೆಯ ಕಡೆಯವರಲ್ಲವಾದ್ದರಿಂದ ನಾನು ಒಂದಿಷ್ಟು ವಾದ ಮಾಡಿ ನೋಡಿದೆನಾದರೂ, ಚಮಚಗಳು ತಾವಾಗಿಯೇ ಎದ್ದು ಹೋದವೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ತಿಂಗಳ ನಂತರ ಡ್ರಮ್ಮನ್ನು ಬೋರಲು ಹಾಕಿದಾಗ ಕಾಫಿಪುಡಿಯಂತೆ ಉದುರುದುರಾದ ಕಪ್ಪು ಗೊಬ್ಬರ ಬಿತ್ತು. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಮನೆಮಂದಿಯನ್ನೆಲ್ಲ ಕೂಗಿ ಕರೆದು, ಅವರೆದುರೇ ಗತ್ತಿನಿಂದ ಜರಡಿ ಹಿಡಿದೆ. ಮೊದಲ ಅಲುಗಾಟಕ್ಕೇ ‘ಠಣ್’ ಎಂದಿತು.

ಗೊಬ್ಬರ ಬಂದದ್ದು ಎರಡು ಬುಟ್ಟಿ. ಅದರ ಜೊತೆಗೆ ಚಮಚ ಐದು, ತರಕಾರಿ ಹೆಚ್ಚುವ ಚಾಕು ಒಂದು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಗೊಬ್ಬರದ ಕಡೆ ನೋಡಲೇ ಇಲ್ಲ.